ಗಾಜು ತಟ್ಟದೆ ನಂಬದ ಕಾಕಾ

ತಡೀರಿ, ತಡೀರಿ! ಒಲೆಯ ಮೇಲೆ ಚಹಾ ಇಟ್ಟಿದ್ದರೆ ಇಳಿಸಿ ಬನ್ನಿ. ಯಾಕೆಂದರೆ ಈಗ ನಾನು ಹೇಳಹೊರಟಿರುವುದು ನಮ್ಮ ಕಾಕಾನ ವಿಷಯ, ಮತ್ತು ಕಾಕಾನ ವಿಷಯವನ್ನು ಅರ್ಧಕ್ಕೆ ಬಿಟ್ಟು ಎದ್ದವರು ಇದುವರೆಗೆ ಯಾರೂ ಇಲ್ಲ. ಕಾಕಿ ಒಬ್ಬರನ್ನು ಬಿಟ್ಟರೆ!

ನಮ್ಮ ಕಾಕಾ ಈ ಭೂಮಿಯ ಮೇಲೆ ಯಾರನ್ನೂ, ಯಾವುದನ್ನೂ, ಉಗುರಿನಿಂದ ಟಕ್ ಟಕ್ ಅಂತ ಎರಡು ಸಲ ತಟ್ಟಿ ನೋಡದೆ ನಂಬಿದವರಲ್ಲ. ಕಲ್ಲಂಗಡಿ, ತೆಂಗಿನಕಾಯಿ ತಟ್ಟುವವರನ್ನು ನೀವೂ ನೋಡಿದ್ದೀರಿ ಬಿಡಿ. ಆದರೆ ಪರೀಕ್ಷೆಯ ಫಲಿತಾಂಶ ತಟ್ಟುವವರನ್ನು? ನಾನು ಬಿ.ಕಾಂ. ಓದಲು ಹೈದರಾಬಾದಿಗೆ ಬಂದು ತಾರ್ನಾಕದ ಅವರ ಮನೆಯಲ್ಲೇ ಇದ್ದವನು. ಮೊದಲ ವರ್ಷದ ಫಲಿತಾಂಶ ನೋಡಲು ಇಬ್ಬರೂ ನೆಟ್ ಕೆಫೆಗೆ ಹೋದೆವು. ಅಕೌಂಟೆನ್ಸಿಯ ಎದುರಿಗಿದ್ದ ಅಂಕ ನೋಡಿ ನನ್ನ ಎದೆ ಒಡೆಯಿತು. ಕಾಕಾ ಮಾತ್ರ ಗಾಬರಿಯಾಗಲಿಲ್ಲ. ಮುಂದೆ ಬಗ್ಗಿ ಮಾನಿಟರಿನ ಗಾಜನ್ನು ಟಕ್ ಟಕ್ ತಟ್ಟಿದರು.

"ತಡಿಯೋ. ಮುಳ್ಳು ಸಿಕ್ಕೊಂಡಿರಬೇಕು, ಏರ್ತದ."

ಏರಲಿಲ್ಲ!

ಈ ಚಟ ಎಲ್ಲಿಂದ ಬಂತು ಅಂತೀರಾ? ಕಾಕಾ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಮೀಟರು ರಿಪೇರಿ ವಿಭಾಗದಲ್ಲಿದ್ದವರು. ಮೀಟರು ಅಂದರೆ ಮುಳ್ಳಿನ ಮೀಟರು. ನಿಮ್ಮ ಮನೆಯ ಹಳೆಯ ಫ್ರಿಜ್ಜಿನ ಪಕ್ಕದಲ್ಲಿ ಗುಂಯ್‌ಗುಡುವ ಸ್ಟೆಬಿಲೈಸರ್ ಇತ್ತಲ್ಲ, ಅದರ ಮುಖದ ಮೇಲೆ ಗಾಜಿನ ಹಿಂದೆ ಒಂದು ಸಣ್ಣ ಮುಳ್ಳು ನಡುಗುತ್ತಾ ನಿಂತಿರುತ್ತಿತ್ತಲ್ಲ, ಅದೇ! ಹಳೆಯ ಮೀಟರುಗಳಲ್ಲಿ ಮುಳ್ಳು ಎಲ್ಲೋ ಒಂದು ಕಡೆ ಧೂಳಿಗೆ ಸಿಕ್ಕಿ ನಿಂತುಬಿಡುತ್ತದೆ. ಹಾಗಾಗಿ ಅನುಭವಸ್ಥರು ಮೊದಲು ಗಾಜನ್ನು ಮೆಲ್ಲಗೆ ತಟ್ಟುತ್ತಾರೆ. ಮುಳ್ಳು ಒಮ್ಮೆ ಬೆಚ್ಚಿಬಿದ್ದು ತನ್ನ ನಿಜವಾದ ಜಾಗಕ್ಕೆ ಬರುತ್ತದೆ. ಆಮೇಲೆ ಓದುವುದು. ತಟ್ಟದೆ ಓದಿದವನು ಓದಿಯೇ ಇಲ್ಲ ಅನ್ನುವುದು ಆ ವಿಭಾಗದ ಧರ್ಮ. ಉಳಿದವರೆಲ್ಲ ಸಂಜೆ ಆ ಧರ್ಮವನ್ನು ಗೇಟಿನಲ್ಲಿ ಬಿಟ್ಟು ಮನೆಗೆ ಹೋದರು. ಕಾಕಾ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು.

ಒಮ್ಮೆ ಡಾಕ್ಟರು ಅವರ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಿದ್ದರು. ಕಾಕಾ ಇನ್ನೊಂದು ಕೈ ಚಾಚಿ ಡಾಕ್ಟರರ ಡಯಲನ್ನು ಟಕ್ ಟಕ್! "ಹಾಂ, ಈಗ ಓದ್ರಿ."

ಡಾಕ್ಟರು ಕನ್ನಡಕ ಕೆಳಗಿಳಿಸಿ ಕೇಳಿದರು: "ಆಪ್ ಪೇಷಂಟ್ ಹೈ ಯಾ ಇನ್‌ಸ್ಪೆಕ್ಟರ್?"

ಮುಂದೆ ಕಾರ್ಖಾನೆಗಳಿಗೆಲ್ಲ ಕೆಂಪು ಅಂಕಿ ಮಿನುಗಿಸುವ ಡಿಜಿಟಲ್ ಮೀಟರುಗಳು ಬಂದವು. ಮುಳ್ಳಿನವು ಗುಜರಿಗೆ ಬಿದ್ದವು. ಜೀಡಿಮೆಟ್ಲಾದಲ್ಲಿ ಒಬ್ಬ ಗುಜರಿಯವನಿದ್ದ. ಹಳೆಯ ಕಾರ್ಖಾನೆಗಳ ಕಂಟ್ರೋಲ್ ಪ್ಯಾನೆಲ್ ಬಿಚ್ಚಿ ತಂದು, ಮೀಟರುಗಳನ್ನು ಬದನೇಕಾಯಿಯಂತೆ ತಕ್ಕಡಿಯಲ್ಲಿ ತೂಗಿ ಮಾರುತ್ತಿದ್ದ. ಪ್ರತಿ ಭಾನುವಾರ ಕಾಕಾ ಅಲ್ಲಿ ಹಾಜರು. ಜೊತೆಗೆ ನಾನು, ಯಾಕೆಂದರೆ ಆ ಹೊತ್ತಿಗೆ ನನಗೂ ಬೆಸುಗೆ ಹಾಕುವ ಹುಚ್ಚು ಹಿಡಿದಿತ್ತು. ಯಾರೂ ಕಲಿಸಿದ್ದಲ್ಲ, ಸುಟ್ಟುಕೊಂಡು ಸುಟ್ಟುಕೊಂಡು ಕಲಿತದ್ದು!

"ಕ್ಯಾ ಮಿಯಾ, ಇಸ್ಕೀ ಸೂಯಿ ಹಿಲ್ತೀ ಕಿ ನಹೀ?" ಮುಳ್ಳು ಅಲುಗುತ್ತದೋ ಇಲ್ಲವೋ ಅಂತ ಕಾಕಾ ಕೇಳುವರು.

"ಹಿಲ್ತೀ ಬೋಲೇ ತೋ? ನಾಚ್ತೀ ಸಾಬ್, ನಾಚ್ತೀ! ಘರ್ ಲೇ ಜಾವ್, ಭಾಬೀ ಖುಷ್!"

ಆ ಭಾಬಿ, ಅಂದರೆ ನಮ್ಮ ಕಾಕಿ, ಎಷ್ಟು ಖುಷಿಯಾಗುತ್ತಿದ್ದರು ಅಂದರೆ, ಸ್ಕೂಟರಿನ ಸದ್ದು ಕೇಳಿದ ಕೂಡಲೇ ಒಳಗಿನಿಂದ ಚಿಲಕ ಹಾಕುತ್ತಿದ್ದರು.

ಇಲ್ಲಿ ಒಂದು ಗುಟ್ಟು ಹೇಳುತ್ತೇನೆ, ಉಪಯೋಗಕ್ಕೆ ಬರುತ್ತದೆ. ಮೀಟರನ್ನು ದೂರ ಸಾಗಿಸುವಾಗ ಅದರ ಹಿಂದಿನ ಎರಡು ತಿರುಪುಗಳಿಗೆ ಒಂದು ತುಂಡು ತಂತಿ ಕಟ್ಟಬೇಕು. ಆಗ ಗಾಡಿ ಎಷ್ಟು ಕುಲುಕಿದರೂ ಮುಳ್ಳು ಹುಚ್ಚುಹುಚ್ಚಾಗಿ ಹೊಯ್ದಾಡುವುದಿಲ್ಲ, ಸಭ್ಯವಾಗಿ ಇರುತ್ತದೆ. ಕಾಕಾ ಮನೆಗೆ ಬಂದು ಒಂದೊಂದೇ ಮೀಟರಿನ ತಂತಿ ಬಿಚ್ಚುತ್ತಾ ಈ ವಿಜ್ಞಾನವನ್ನು ಮತ್ತೊಮ್ಮೆ, ಮಗದೊಮ್ಮೆ ವಿವರಿಸುತ್ತಿದ್ದರು. ಒಂದು ದಿನ ಕಾಕಿ ಆ ತಂತಿಯ ತುಂಡನ್ನು ಎತ್ತಿಕೊಂಡು ಹೇಳಿದರು:

"ಇದನ್ನ ಒಗೀಬ್ಯಾಡ್ರಿ. ನಿಮ್ಮ ಬಾಯಿಗಿ ಕಟ್ಟಾಕ ಬೇಕಾಗ್ತೈತಿ."

ಹೀಗೆ ಮನೆ ತುಂಬಿತು. ತೊಟ್ಟಿಯಲ್ಲಿ ನೀರೆಷ್ಟಿದೆ ಅನ್ನಲು ಒಂದು ಮುಳ್ಳು. ಮಾಳಿಗೆಯಲ್ಲಿ ಹಪ್ಪಳ ಒಣಗಲು ಬಿಸಿಲು ಸಾಕೋ ಇಲ್ಲವೋ ಅನ್ನಲು ಒಂದು ಮುಳ್ಳು. ವೋಲ್ಟು ಗೀಲ್ಟು ಅಂತ ಬರೆದಿದ್ದ ಹಳೆಯ ಹಾಳೆ ಕಿತ್ತು, ಕಾಕಾ ತಾವೇ ಇಂಡಿಯನ್ ಇಂಕಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರು. ಹಪ್ಪಳದ ಮೀಟರಿನ ಮೇಲೆ ಮೂರೇ ಗುರುತು: "ಹಾಕು", "ಸುಮ್ನಿರು", "ಓಡಿ ತಗಿ".

ಒಂದು ವಾರ ಊಟದ ಕೋಣೆಯಲ್ಲೂ ಒಂದು ಮೀಟರು ಬಂತು. ಪುಟ್ಟ ಮೈಕು, ದನಿಯನ್ನು ಹಿಗ್ಗಿಸಲು ಒಂದು ಸಣ್ಣ ಬೋರ್ಡು, ಕೊನೆಗೆ ಮುಳ್ಳು. ಕೋಣೆಯಲ್ಲಿ ಸದ್ದು ಹೆಚ್ಚಿದಷ್ಟೂ ಮುಳ್ಳು ಏರುತ್ತದೆ. ಗುರುತುಗಳು: "ಶಾಂತ", "ಎಚ್ಚರ", "ಚಪ್ಪಲಿ ಹುಡುಕು". ಯಾರ ಸಲುವಾಗಿ ಅಂತ ಕಾಕಾ ಹೇಳಲಿಲ್ಲ. ಹೇಳಬೇಕಾ? ಎರಡು ದಿನ ಕಾಕಿ ಅದನ್ನು ಗಮನಿಸಲೇ ಇಲ್ಲ. ಮೂರನೆಯ ದಿನ ಎದುರು ನಿಂತು, ಓದಿ, ತಿರುಗಿ, ಪಿಸುಗುಟ್ಟುವ ದನಿಯಲ್ಲಿ, "ಇದು ನನಗೇನ್ರಿ?" ಅಂದರು.

ಮುಳ್ಳು "ಶಾಂತ"ದಿಂದ ಕದಲಲಿಲ್ಲ. ಕಾಕಾ ಚಪ್ಪಲಿಯನ್ನೂ ಹುಡುಕದೆ ಓಡಿದರು!

ಇಷ್ಟಾದರೆ ಇದು ಬರೀ ನಗುವ ವಿಷಯವಾಗಿ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಅಜ್ಜಿ. ಕಾಕಾನ ಅವ್ವ.

ಅಜ್ಜಿ ರಾಯಚೂರಿನ ಕಡೆಯವರು, ಆ ಮನೆಯ ಅಡುಗೆಮನೆಯನ್ನು ಕಿವಿಯಿಂದ ಆಳಿದವರು. ಹಾಲು ಉಕ್ಕುವ ಮುಂಚಿನ ಆ ಸಣ್ಣ ಸುಯ್ಲು ಅವರಿಗೆ ಹಿತ್ತಲಲ್ಲಿದ್ದರೂ ಕೇಳುತ್ತಿತ್ತಂತೆ. ನಲ್ಲಿಯಲ್ಲಿ ನೀರು ಬರುವ ಮುಂಚೆ ಗಾಳಿ ಬುಸ್ ಅನ್ನುತ್ತದಲ್ಲ, ಅಷ್ಟಕ್ಕೇ ಎದ್ದು ಕೊಡ ಇಡುತ್ತಿದ್ದರಂತೆ. ಇನ್ನು ಕಾಕಾ ಸಂಜೆ ಗೇಟು ತೆಗೆಯುತ್ತಾ "ಅವ್ವಾ" ಅಂದರೆ ಸಾಕು, ಅವರ ಕಾಲು ಇನ್ನೂ ಬೂಟಿನೊಳಗಿರುವಾಗಲೇ ಒಳಗಿನಿಂದ "ಬಂದ್ಯಾ?" ಅಂತ ಬರುತ್ತಿತ್ತು. ಕಾಕಾ ನೌಕರಿಗೆ ಸೇರಿದ ದಿನದಿಂದ ಇದೇ ಪದ್ಧತಿ.

ಆ ಕಿವಿ ಮಂದವಾಯಿತು. ಕಿವಿಯ ಯಂತ್ರ ತಂದುಕೊಟ್ಟರು. ಅಜ್ಜಿ ಒಂದೇ ದಿನ ಹಾಕಿಕೊಂಡು, "ಏ ಯಪ್ಪಾ, ಇದರಾಗ ಇಡೀ ಸಿಕಂದರಾಬಾದ್ ಟೇಶನ್ ಕುಂತೈತಿ!" ಅಂತ ಕಿತ್ತು ಜೀರಿಗೆ ಡಬ್ಬಿಯಲ್ಲಿ ಇಟ್ಟುಬಿಟ್ಟರು. ಆಮೇಲೆ ಆ ಯಂತ್ರ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಒಗ್ಗರಣೆ ಹಾಕುವಾಗ ಮಾತ್ರ.

ಒಂದು ದಿನ ಕುಕ್ಕರು ಕೂಗಿ ಕೂಗಿ ನೀರಾರಿ, ಸುರಕ್ಷತೆಯ ಬಿರಡೆ ಹಾರಿ, ಬೇಳೆಯೆಲ್ಲ ಸೂರಿಗೆ ಅಂಟಿತು. ಅಜ್ಜಿ ಪಕ್ಕದ ಕೋಣೆಯಲ್ಲೇ ಹೂ ಕಟ್ಟುತ್ತಾ ಕೂತಿದ್ದರು. ಕಾಕಿ ಗಚ್ಚಿಬೌಲಿ ಕಡೆಯ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ಬೆಳಿಗ್ಗೆ ಹೋದರೆ ಆ ಕಾರು, ಕ್ಯಾಬುಗಳ ನಡುವೆ ಈಜಿ ಬರುವುದು ಸಂಜೆಗೆ. ದಿನವಿಡೀ ಮನೆಯಲ್ಲಿ ಅಜ್ಜಿ ಒಬ್ಬರೇ, ಜೊತೆಗೆ ಗ್ಯಾಸ್ ಸಿಲಿಂಡರು. ಆ ರಾತ್ರಿ ಸೂರಿನ ಬೇಳೆ ಕೆರೆಯುತ್ತಾ ಕಾಕಿ ಮೂರು ಸಲ ಕೆಳಗಿಳಿದು ಸಿಲಿಂಡರು ಬಂದಾಗಿದೆಯೇ ಅಂತ ನೋಡಿದರು.

"ಇನ್ನ ನೀವು ಗ್ಯಾಸ್ ಹಚ್ಚೂದು ಬ್ಯಾಡ್ರಿ ಅತ್ತಿ," ಅಂದರು, ಮತ್ತು ಮರುದಿನದಿಂದ ಗ್ಯಾಸಿನ ಲೈಟರನ್ನು ತಮ್ಮ ಹೆಗಲ ಚೀಲದಲ್ಲಿ ಹಾಕಿಕೊಂಡು ಬ್ಯಾಂಕಿಗೆ ಹೋಗತೊಡಗಿದರು. ಬಾಗಿಲಲ್ಲಿ ಚೀಲ ತಡವಿದ ಕಾವಲುಗಾರ, "ಮೇಡಂ, ಯೇ ಪಿಸ್ತೂಲ್ ಕಾಯಕೂ?" ಪಿಸ್ತೂಲು ಯಾತಕ್ಕೆ ಅಂತ ಕೇಳಿದನಂತೆ! ದೇವರಮನೆಯ ಕಡ್ಡಿಪೆಟ್ಟಿಗೆಯನ್ನು ಮಾತ್ರ ಬಿಟ್ಟಿದ್ದರು, ಅದೂ ದೇವರ ಮೇಲೆ ಆಣೆ ಹಾಕಿಸಿಕೊಂಡು.

ಅಜ್ಜಿ ಜಗಳವಾಡಲಿಲ್ಲ. ಡಬ್ಬಿಯಲ್ಲಿ ಕಟ್ಟಿಟ್ಟದ್ದನ್ನು ತಣ್ಣಗೆ ಉಂಡು, ಅಡುಗೆಮನೆಯ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂರತೊಡಗಿದರು. ಏನಾದರೂ ಕೇಳಿದರೆ "ನನಗೇನ್ ಕೆಲಸ ಐತೋ ಈ ಮನ್ಯಾಗ?" ಅನ್ನುವರು. ಅಷ್ಟೇ.

ಕಾಕಾ ಎರಡು ದಿನ ಯಾವ ಗಾಜನ್ನೂ ತಟ್ಟಲಿಲ್ಲ. ಮೂರನೆಯ ದಿನ ಕಾಕಿಯ ಎದುರು ನಿಂತರು. "ಯುಗಾದಿತನಕ ಟೈಮ್ ಕೊಡು. ಅಡುಗಿಮನ್ಯಾಗ ಏನೂ ಸುಡಲಿಲ್ಲಂದ್ರ ಅಡುಗಿಮನಿ ಅವ್ವಂದು."

"ಸುಟ್ರ?"

"ಸುಟ್ರ ನನ್ನ ಮೀಟರ್ ಎಲ್ಲಾ ಜೀಡಿಮೆಟ್ಲಾಕ ವಾಪಸ್."

ಕಾಕಿ ಯೋಚಿಸಿದರು. ಎರಡನೆಯದು ದೊಡ್ಡ ಆಸೆಯೇ! ಚೀಲದಿಂದ ಲೈಟರು ತೆಗೆದು ಕಟ್ಟೆಯ ಮೇಲಿಟ್ಟು, "ಉದ್ರಿ ಕೊಟ್ಟೀನಿ, ನೆನಪಿರಲಿ," ಅಂದರು.

ಶುರುವಾಯಿತು ನೋಡಿ ನಮ್ಮ ಕಾರ್ಖಾನೆ! ಅಡುಗೆಮನೆಯ ಗೋಡೆಗೆ ಒಂದು ಮರದ ಹಲಗೆ, ಅದರಲ್ಲಿ ಸಾಲಾಗಿ ನಾಲ್ಕು ಮೀಟರು. ಅಜ್ಜಿಗೆ ದೂರದಿಂದಲೇ ಕಾಣಲಿ ಅಂತ ಮುಳ್ಳುಗಳಿಗೆ ಕುಂಕುಮದ ಬಣ್ಣ. ಮೊದಲನೆಯದು ತೊಟ್ಟಿಯ ನೀರಿಗೆ. ಎರಡನೆಯದು ಕುಕ್ಕರಿಗೆ. ಊಟದ ಕೋಣೆಯಿಂದ ಪದಚ್ಯುತವಾದ ಮೈಕನ್ನೇ ತಂದು ಒಲೆಯ ಪಕ್ಕ ಕೂರಿಸಿದೆವು. ಕುಕ್ಕರು ಕೂಗಿದರೆ ಮುಳ್ಳು ಜಿಗಿಯುತ್ತದೆ, ಮೂರು ಸಲ ಜಿಗಿದರೆ ಬೇಳೆ ಬೆಂದಿತು. ಏನು ಬುದ್ಧಿ!

ಮೊದಲ ದಿನದ ಸಾರಿನಲ್ಲಿ ಬೇಳೆ ಗೋಲಿಯಂತೆ ಹಲ್ಲಿಗೆ ಬಡಿಯಿತು. ಅಜ್ಜಿ ಹೌಹಾರಿ, "ಮೂರು ಸಲ ಜಿಗೀತೋ, ಖರೇನ!" ಅಂದರು. ಜಿಗಿದದ್ದು ನಿಜವೇ. ಆದರೆ ಕೂಗಿದ್ದು ಗೋಡೆಯಾಚೆಯ ಆಂಟಿಯ ಕುಕ್ಕರು! ಅವರ ಮನೆಯ ಪಪ್ಪು, ಅಂದರೆ ಬೇಳೆ, ಬೆಂದಿತ್ತು, ನಮ್ಮದು ಇಳಿದಿತ್ತು.

ಇಲ್ಲಿ ನನ್ನ ಪ್ರತಿಭೆ ಬೆಳಗಿತು, ದಯವಿಟ್ಟು ಗಮನಿಸಿ. "ಕಾಕಾ, ಸದ್ದು ಬ್ಯಾಡ, ಬಿಸಿ ಹಿಡಿಯೋಣ. ಉಗಿ ಗೋಡಿ ದಾಟಂಗಿಲ್ಲ!" ಅಂದೆ. ಬಿಸಿ ತಾಗಿದರೆ ಸ್ವಭಾವ ಬದಲಿಸುವ ಒಂದು ಪುಟ್ಟ ಮಣಿಯಂಥ ಬಿಡಿಭಾಗ ಸಿಗುತ್ತದೆ. ಅದನ್ನು ಸೀಟಿಯ ಮೇಲುಗಡೆ ತೂಗಿಬಿಟ್ಟೆವು. ಉಗಿ ತಾಗಿದಾಗಲೆಲ್ಲ ಮುಳ್ಳು ಏರಿ ಇಳಿಯಿತು. ಕಾಕಾ ನನ್ನ ಹಣೆಯನ್ನು ಟಕ್ ಟಕ್ ತಟ್ಟಿ, "ಒಳಗ ಐತಿ, ಸ್ವಲ್ಪ ಐತಿ," ಅಂದರು. ನನ್ನ ಜೀವನದ ದೊಡ್ಡ ಪ್ರಶಸ್ತಿ ಅದು.

ಅಂಥದೇ ಇನ್ನೊಂದು ಮಣಿ ಹಾಲಿನ ಪಾತ್ರೆಯ ಕಂಠಕ್ಕೆ. ಕಾಕಾ ಗುರುತು ಬರೆದರು: "ತಣ್ಣಗ", "ಬೆಚ್ಚಗ", "ಉಕ್ಕೀತು". ಅಜ್ಜಿ ಸೊಂಟದ ಮೇಲೆ ಕೈಯಿಟ್ಟರು. "ಉಕ್ಕಿದ್ದು ನನಗ ಕಣ್ಣಿಗಿ ಕಾಣ್ತೈತಿ, ಮೀಟರ್ ಯಾಕ ಬೇಕು? ಉಕ್ಕೂಕಿಂತ ಮೊದಲ ಕರಿಬೇಕಪಾ ಅದು!" ಕಾಕಾ ಮರುಮಾತಾಡದೆ "ಉಕ್ಕೀತು" ಅಳಿಸಿ, ಒಂದು ಬೆರಳು ಹಿಂದೆ "ಲಗೂ ಬಾ" ಅಂತ ಬರೆದರು.

ನೋಡನೋಡುತ್ತಾ ಅಜ್ಜಿ ಪಕ್ಕಾ ಮೀಟರಿನವರಾದರು. ಬಳೆಗೈಯಿಂದ ಟಕ್ ಟಕ್ ತಟ್ಟಿಯೇ ಓದುವುದು. ಒಳ್ಳೆಯ ಮೀಟರುಗಳಲ್ಲಿ ಮುಳ್ಳಿನ ಹಿಂದೆ ಕನ್ನಡಿಯ ಒಂದು ತೆಳ್ಳನೆಯ ಪಟ್ಟಿ ಇರುತ್ತದೆ. ಮುಳ್ಳು ಕನ್ನಡಿಯಲ್ಲಿನ ತನ್ನ ಪ್ರತಿಬಿಂಬವನ್ನು ಮುಚ್ಚುವಂತೆ ನೇರ ನಿಂತು ನೋಡಿದರೆ ಓದು ತಪ್ಪುವುದಿಲ್ಲ. ಕಾಕಾ ಇದನ್ನು ಅವ್ವನಿಗೆ ಒಂದು ಕಣ್ಣು ಮುಚ್ಚಿಸಿ, ಕತ್ತು ಹಿಡಿದು ಪಾಠ ಮಾಡಿದರು. ಮರುದಿನ ಬೆಳಿಗ್ಗೆ ಅಜ್ಜಿ ಒಂದು ಕಣ್ಣು ಮುಚ್ಚಿ ಮೀಟರಿನ ಎದುರು ಬಹಳ ಹೊತ್ತು ನಿಂತಿದ್ದನ್ನು ಕಂಡು ಕಾಕಾ ಹಿಗ್ಗಿ, "ಏನ್ ತೋರಿಸಾಕತ್ತೈತಿ ಅವ್ವಾ?" ಅಂತ ಕಿವಿಯ ಹತ್ತಿರ ಕೂಗಿದರು.

"ಹಣಿ," ಅಂದರು ಅಜ್ಜಿ. ಕನ್ನಡಿಯಲ್ಲಿ ನೋಡಿಕೊಂಡು ಕುಂಕುಮ ಇಡುತ್ತಿದ್ದರು!

ನಾಲ್ಕನೆಯ ಮೀಟರಿನ ಮೇಲೆ ಮಾತ್ರ ಯಾವ ಗುರುತೂ ಇರಲಿಲ್ಲ. ಅದರ ತಂತಿ ಕಿಟಕಿಯಿಂದ ಹೊರಬಿದ್ದು, ಕಾಂಪೌಂಡು ಗೋಡೆ ಹಿಡಿದು, ಗೇಟಿನ ಕಂಬದಲ್ಲಿದ್ದ ಆ ಹಳೆಯ ಮೈಕಿಗೆ ಹೋಗುತ್ತಿತ್ತು. "ಕುಕ್ಕರಿಗಿ ತಿಳೀತು, ಹಾಲಿಗಿ ತಿಳೀತು. ಗೇಟಿಗಿ ಯಾಕ್ರಿ?" ಅಂತ ಕಾಕಿ ಕೇಳಿದರು. ಕಾಕಾ, "ಮೈಕ್ ಖಾಲಿ ಇತ್ತು," ಅಂತ ತೇಲಿಸಿದರು. ಆದರೆ ಆ ಸಂಜೆ ಗೇಟಿನಲ್ಲಿ ನಿಂತು ಅವರು "ಅವ್ವಾ" ಅಂದಾಗ ಮುಳ್ಳು ಏರಿತು, ಒಳಗಿನಿಂದ ಎಷ್ಟೋ ತಿಂಗಳ ಮೇಲೆ "ಬಂದ್ಯಾ?" ಅಂತ ಬಂತು. ಕಾಕಾ ಒಂದೇ ಬೂಟು ಬಿಚ್ಚಿ ಒಳಗೆ ಬಂದುಬಿಟ್ಟರು.

ತೊಂದರೆ ಏನಪ್ಪಾ ಅಂದರೆ, ಮೈಕಿಗೆ ಯಾರು ಮಗ, ಯಾರು ಬದನೇಕಾಯಿ ಅಂತ ಗೊತ್ತಾಗುತ್ತದೆಯೇ? ಮುಳ್ಳು ಏರಿದಾಗಲೆಲ್ಲ ಅಜ್ಜಿ ಓಣಿಗೆ ಕೇಳುವಂತೆ "ಬಂದ್ಯಾ?" ಅಂತ ಕೂಗತೊಡಗಿದರು. ತರಕಾರಿಯವನು ಮೊದಲ ದಿನ ಬೆಚ್ಚಿಬಿದ್ದ. ಎರಡನೆಯ ವಾರಕ್ಕೆ ಅಭ್ಯಾಸವಾಗಿ, "ವಚ್ಚಿನ ಅವ್ವಾ, ವಂಕಾಯಲು ತೆಚ್ಚಿನ!" ಅನ್ನತೊಡಗಿದ, ಬಂದೆ ಅವ್ವಾ, ಬದನೇಕಾಯಿ ತಂದಿದ್ದೇನೆ ಅಂತ. ಕೊರಿಯರಿನವನು "ಹೌ ಅಮ್ಮಾ, ಆ ಗಯಾ" ಅಂದ. ಆಟೋಗಳು, ಜಗಳಾಡುವ ನಾಯಿಗಳು, ಎದುರುಮನೆಯ ಮದುವೆಯ ಬ್ಯಾಂಡು, ಎಲ್ಲರಿಗೂ ನಮ್ಮ ಮನೆಯಿಂದ ಒಂದೇ ಸ್ವಾಗತ! ಕಾಕಿ ದಿನವೂ "ಅತ್ತೀ" ಅಂತ ಕರೆದು ಬರುವವರು, ಅವರಿಗೂ "ಬಂದ್ಯಾ?" ಸಿಗುತ್ತಿತ್ತು. "ನಾಯಿಗಿ ಸಿಕ್ಕಿದ್ದ ನನಗೂ ಸಿಗ್ತೈತಿ," ಅಂತ ನಗುತ್ತಾ ಒಳಗೆ ಹೋಗುತ್ತಿದ್ದರು.

ದಿನಗಳು ಹೋದವು. ಏನೂ ಸುಡಲಿಲ್ಲ. ಯುಗಾದಿಯ ಹಿಂದಿನ ದಿನ ಕಾಕಿ ಬೇಗ ಹೊರಟು ಬಂದಿದ್ದರು. ಕಾಲೇಜು ಮುಗಿಸಿ ಬಂದ ನನಗೆ ತಾರ್ನಾಕದ ಬಸ್‌ಸ್ಟಾಪಿನಲ್ಲೇ ಸಿಕ್ಕರು. ಮಾವಿನ ಎಲೆ, ಬೇವಿನ ಹೂ ಕೊಂಡು ನನ್ನ ಕೈಗಿತ್ತರು. ಆಗ ನೋಡುತ್ತೇವೆ, ಅಂಗಡಿಗಳ ಮುಂದೆಲ್ಲ ಜನರೇಟರುಗಳು ಗುಡುಗುಟ್ಟುತ್ತಿವೆ.

"ಕರೆಂಟ್ ಯಾವಾಗ ಹೋಗೇತಿ?" ಅಂದರು ಕಾಕಿ.

"ಆಗಲೇ ಹೋಗೇತಂತ..." ಅನ್ನುವಷ್ಟರಲ್ಲಿ ನನಗೆ ಅಡುಗೆಮನೆಯ ಹಲಗೆ ನೆನಪಾಯಿತು. ಆ ಹಲಗೆ ಮನೆಯ ಕರೆಂಟಿನಲ್ಲೇ ನಡೆಯುತ್ತಿತ್ತು! ಕರೆಂಟು ಹೋದರೆ ಎಲ್ಲ ಮುಳ್ಳೂ ಸೊನ್ನೆಗೆ. ಹಾಲಿನ ಮೀಟರಿನಲ್ಲಿ ಸೊನ್ನೆ ಅಂದರೇನು? "ತಣ್ಣಗ"! ಒಲೆಯ ಮೇಲೆ ಹಾಲು ಕುದಿಯುತ್ತಿದ್ದರೂ "ತಣ್ಣಗ"! ಉಕ್ಕಿ ಒಲೆ ಆರಿದರೂ, ಗ್ಯಾಸು ಸೋರುತ್ತಿದ್ದರೂ "ತಣ್ಣಗ"! ನಾವಿಬ್ಬರು ಮಹಾ ವಿಜ್ಞಾನಿಗಳಿಗೆ ಒಂದು ಬ್ಯಾಟರಿ ಇಡುವುದು ತೋಚಿರಲಿಲ್ಲ.

ಕಾಕಿ ಓಡಿದರು. ಸೀರೆಯಲ್ಲಿ ಅಷ್ಟು ಜೋರಾಗಿ ಓಡಬಹುದು ಅಂತ ನನಗೆ ಗೊತ್ತಿರಲಿಲ್ಲ. ಹಿಂದೆ ಬೇವಿನ ಹೂ ಚೆಲ್ಲುತ್ತಾ ನಾನು. ಗೇಟು ಹಿಡಿದು ಏದುಸಿರಿನಲ್ಲಿ, "ಅತ್ತೀ!" ಅಂದರು.

ಉತ್ತರವಿಲ್ಲ.

"ಅತ್ತೀ!"

ಇಲ್ಲ. ಕಾಕಿಯ ಕೈ ಗೇಟಿನ ಮೇಲೆ ಹಾಗೇ ನಿಂತಿತು. ಆ ಮುಖ ನಾನು ಎಂದೂ ನೋಡಿರಲಿಲ್ಲ. ಆಮೇಲೆ ಬಾಗಿಲು ತಳ್ಳಿ ಒಳನುಗ್ಗಿದರು.

ಅಡುಗೆಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಸಿಲಿಂಡರು ಬಂದಾಗಿತ್ತು. ಒಲೆಯ ಮೇಲಿನ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿತ್ತು. ಅಜ್ಜಿ ಹಲಗೆಯ ಕೆಳಗೆ ಮಣೆ ಹಾಕಿಕೊಂಡು ಹೋಳಿಗೆಯ ಬೇಳೆ ಆರಿಸುತ್ತಾ ಕೂತಿದ್ದರು. ಕಾಕಿಯನ್ನು ಕಂಡು ತಲೆಯೆತ್ತಿ ಹೇಳಿದರು:

"ಎಲ್ಲಾ ಮುಳ್ಳು ಒಮ್ಮಿಗಿ ಮಲಕೊಂಡ್ವು ನೋಡವಾ. ತಟ್ಟಿದೆ, ಏಳಲಿಲ್ಲ. ಮತ್ತೊಮ್ಮಿ ತಟ್ಟಿದೆ, ಏಳಲಿಲ್ಲ. ತಟ್ಟಿದ್ರೂ ಅಳ್ಳಾಡಲಿಲ್ಲಂದ್ರ ಅದನ್ನ ನಂಬಬಾರದಂತ, ನಿನ್ನ ಗಂಡ ಹೇಳ್ಯಾನ. ಗ್ಯಾಸ್ ಬಂದ್ ಮಾಡಿದೆ."

ಆಮೇಲೆ ಸೆರಗಿನಿಂದ ಲೈಟರು ತೆಗೆದು ಚಾಚಿದರು. "ತಗೋ. ಅಡುಗಿ ಆಗಿಲ್ಲ. ನಿನ್ನ ಚೀಲಕ್ಕ ಹಾಕ್ಕೋ."

ಕಾಕಿ ಲೈಟರು ತೆಗೆದುಕೊಂಡರು. ಒಂದು ಕ್ಷಣ ನೋಡಿದರು. ಒಲೆಯ ಪಕ್ಕದ ಗೋಡೆಯಲ್ಲಿ ಲೈಟರು ಮೊದಲು ತೂಗುತ್ತಿದ್ದ ಮೊಳೆ ಹಾಗೇ ಇತ್ತು. ಅದಕ್ಕೆ ಸಿಕ್ಕಿಸಿ, ಅಜ್ಜಿಯ ಪಕ್ಕ ನೆಲದ ಮೇಲೇ ಕೂತು, ತಾವೂ ಬೇಳೆ ಆರಿಸತೊಡಗಿದರು.

ಸಂಜೆ ಕಾಕಾ ಬಂದರು. ಕರೆಂಟು ಇನ್ನೂ ಬಂದಿರಲಿಲ್ಲ. ವಿಷಯ ತಿಳಿದು ಮುಖ ಸಪ್ಪಗೆ ಮಾಡಿಕೊಂಡು, ತಾವಾಗಿಯೇ ತಿರುಪುಳಿ ತಂದು ಹಲಗೆ ಬಿಚ್ಚಲು ನಿಂತರು. "ತಪ್ಪಾತು. ಜೀಡಿಮೆಟ್ಲಾಕ ಕೊಟ್ಟು ಬರ್ತೀನಿ."

"ಏ, ಸುಮ್ನಿರ್ರಿ," ಅಂದರು ಕಾಕಿ. "ಎಲ್ಲಾದಕ್ಕೂ ಒಂದು ಬ್ಯಾಟರಿ ಹಾಕ್ರಿ." ಸ್ವಲ್ಪ ತಡೆದು, ಬೇಳೆಯ ಮೊರದಿಂದ ಕಣ್ಣೆತ್ತದೆ ಸೇರಿಸಿದರು: "ಮೊದಲ ಆ ಗೇಟಿನದಕ್ಕ ಹಾಕ್ರಿ."

ಕಾಕಾ ತಿರುಪುಳಿ ಹಿಡಿದುಕೊಂಡೇ ಅವರನ್ನು ನೋಡಿದರು. ಗೇಟಿಗೆ ಯಾಕೆ ಅಂತ ಈ ಸಲ ಯಾರೂ ಕೇಳಲಿಲ್ಲ.

ಯುಗಾದಿ ಮುಗಿದ ಮರುದಿನ ಸಂಜೆ ನಾನು ಅಡುಗೆಮನೆಯಲ್ಲಿ ಉಳಿದ ಹೋಳಿಗೆಯ ವಿಚಾರಣೆ ನಡೆಸುತ್ತಿದ್ದೆ. ಕರೆಂಟು ಹೋಗಿತ್ತು. ಹೊಸ ಬ್ಯಾಟರಿಯ ಮೇಲೆ ನಾಲ್ಕೂ ಮೀಟರು ಎಚ್ಚರವಾಗಿದ್ದವು. ಗೇಟಿನ ಮುಳ್ಳು ಮೆಲ್ಲಗೆ ಏರಿತು. ಅಜ್ಜಿ ಬಳೆಗೈಯಿಂದ ಟಕ್ ಟಕ್ ಅಂದರು. ಮುಳ್ಳು ಅಲುಗಿ, ಮತ್ತೆ ಏರಿತು.

"ಬಂದ್ಯಾ?"

ಹೊರಗೆ ಗೇಟಿನ ಚಿಲಕ ಮೆಲ್ಲಗೆ ಬಿತ್ತು. ಆಮೇಲೆ ಕಾಕಿಯ ದನಿ, ಅಜ್ಜಿಗೆ ಕೇಳುವುದಿಲ್ಲ ಅಂತ ಗೊತ್ತಿದ್ದೂ, ಬಹಳ ಮೆತ್ತಗೆ:

"ಬಂದೆ ಅತ್ತಿ."

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಹಳೆಯ ಸ್ಟೆಬಿಲೈಸರ್ ಇರಬೇಕಲ್ಲ? ಅದರ ಮುಳ್ಳು ಇನ್ನೂ ಅಲುಗುತ್ತದೆಯೇ, ಅದನ್ನು ಯಾರಿಗಾಗಿ, ಯಾವುದಕ್ಕೆ ಬಳಸಿದ್ದೀರಿ? ಬರೆದು ತಿಳಿಸಿ, ಕಾಕಾನಿಗೂ ಓದಿ ಹೇಳುತ್ತೇನೆ. ಓದುವ ಮುಂಚೆ ಅವರು ನಿಮ್ಮ ಪತ್ರವನ್ನು ಎರಡು ಸಲ ತಟ್ಟುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಅಂದಹಾಗೆ, ಆ ಚಹಾ ಇಳಿಸಿದಿರಿ ತಾನೇ?